ಕಡತವೂ ಅಕ್ಕಿಯೂ ಒಂದೇ ಕೈಯಲ್ಲಿದ್ದಾಗ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿ ಮನೆ. ಪಡಿತರಕ್ಕೆ ಹೆಬ್ಬೆಟ್ಟು ಕೊಡಬೇಕು, ಪಹಣಿಗೆ ಆಧಾರ್ ಜೋಡಿಸಬೇಕು, ಸಮೀಕ್ಷೆಯವರು ಮನೆಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದಾರೆ, ಶಿವಮೊಗ್ಗಕ್ಕೆ ಹೋದರೆ ಸರ್ಕಲ್ಲುಗಳಲ್ಲೆಲ್ಲ ಕ್ಯಾಮೆರಾ. ಇದೆಲ್ಲ ಜನರ ಮೇಲಿನ ಹಿಡಿತ ಎಂದು ಕೆಲವರು ಹೇಳುತ್ತಾರೆ. ಆದರೆ ನನ್ನನ್ನು ಇದುವರೆಗೆ ಯಾರೂ ತಡೆದಿಲ್ಲ, ಹೆದರಿಸಿಲ್ಲ. ತಪ್ಪು ಮಾಡದವನಿಗೆ ಭಯ ಯಾಕೆ ಎನ್ನುತ್ತಾನೆ ಮಗ. ಸರ್ಕಾರ ಬರಿದೇ ನೋಡುವುದರಿಂದ ದಿನನಿತ್ಯದ ಬದುಕಿನ ಮೇಲೆ ಹಿಡಿತ ಬರುವುದು ಹೇಗೆ?

ಉತ್ತರ: ನಿಮ್ಮ ಮಗನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತನ್ನ ಜನರ ಲೆಕ್ಕ ಇಡದ ಸರ್ಕಾರ ಶಾಲೆ ತೆರೆಯಲಾರದು, ಲಸಿಕೆ ಹಾಕಿಸಲಾರದು, ಅಕ್ಕಿ ಹಂಚಲಾರದು. ಆದ್ದರಿಂದ ನೋಡುವುದೆಲ್ಲವೂ ಹಿಡಿತವೇ ಎಂದು ನಾನು ಹೇಳುವುದಿಲ್ಲ. ನಿಮ್ಮ ಬಗೆಗಿನ ದಾಖಲೆ ಯಾರ ಕೈಯಲ್ಲಿದೆಯೋ ನಿಮಗೆ ಬೇಕಾದ ಅಕ್ಕಿ, ಹಕ್ಕುಪತ್ರ, ಕೂಲಿ ಅಥವಾ ಪಾಸ್‌ಪೋರ್ಟು ಕೂಡ ಅದೇ ಕೈಯಲ್ಲಿದ್ದು, ಆ ದಾಖಲೆಯಲ್ಲಿ ಏನು ಬರೆದಿದೆ ಎಂಬುದು ನಿಮ್ಮ ಕಣ್ಣಿಗೆ ಬೀಳದೆ, ಅದನ್ನು ಯಾವಾಗ ಯಾವ ಕಾರಣಕ್ಕೆ ಹೊರತೆಗೆಯಬಹುದು ಎಂಬುದಕ್ಕೆ ಗಟ್ಟಿಯಾದ ಕಟ್ಟಳೆಯೂ ಇಲ್ಲದಿದ್ದರೆ, ಆಗ ಯಾರೊಬ್ಬರೂ ಬಾಯಿಬಿಟ್ಟು ಬೆದರಿಸದೆಯೇ ನೀವು ತಗ್ಗಿ ನಡೆಯಲು ಕಲಿಯುತ್ತೀರಿ. ನನ್ನ ಉತ್ತರದ ತಿರುಳು ಇಷ್ಟೇ. ಅದು ನಮ್ಮ ಮಲೆನಾಡಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸುತ್ತೇನೆ.

ಮೊದಲು, ಹಿಡಿತವಾಗದ ಒಂದು ನಿಗಾವನ್ನು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲ ಹಳ್ಳಿಯವರಿಗೂ ಜ್ವರ ಹಬ್ಬಿ, ಮಂಗನ ಕಾಯಿಲೆ ಪತ್ತೆಯಾಯಿತು. ಇಂದಿಗೂ ಕಾಡಂಚಿನಲ್ಲಿ ಮಂಗ ಸತ್ತರೆ ಜನರೇ ಸುದ್ದಿ ಮುಟ್ಟಿಸುತ್ತಾರೆ; ಆಶಾ ಕಾರ್ಯಕರ್ತೆ ಮನೆಗೆ ಬಂದು ಯಾರಿಗೆ ಜ್ವರ, ಯಾರು ದರಗು (ಉದುರಿದ ಒಣ ಎಲೆ) ಗುಡಿಸಲು ಯಾವ ಕಾಡಿಗೆ ಹೋಗಿದ್ದರು, ಮೈಮೇಲೆ ಈ ರೋಗ ಹರಡುವ ಉಣುಗು ಹತ್ತಿತ್ತೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇದು ಸಣ್ಣ ನಿಗಾ ಅಲ್ಲ, ಮನೆಯೊಳಗಿನ ಸಂಗತಿಯನ್ನೇ ಕೇಳುವ ನಿಗಾ. ಆದರೂ ಯಾರೂ ಮುಚ್ಚಿಡುವುದಿಲ್ಲ, ಏಕೆಂದರೆ ಹೇಳಿದ್ದು ಆಸ್ಪತ್ರೆಗೆ ಹೋಗುತ್ತದೆಯೇ ಹೊರತು ಬೇರೆಲ್ಲಿಗೂ ಅಲ್ಲ ಎಂಬ ನಂಬಿಕೆ ಇದೆ. ಈಗ ಅದೇ ಪಟ್ಟಿಯನ್ನು ಅರಣ್ಯ ಇಲಾಖೆ ತರಿಸಿಕೊಂಡು, ದರಗಿಗೆ ಹೋದವರಿಗೆಲ್ಲ ನೋಟಿಸು ಕಳಿಸಿತು ಎಂದು ಊಹಿಸಿ. ಮುಂದಿನ ಬೇಸಿಗೆಯಲ್ಲಿ ಜ್ವರ ಬಂದವರೂ ಕಾಡಿಗೆ ಹೋಗಿಯೇ ಇಲ್ಲ ಎನ್ನುತ್ತಾರೆ. ಬರೆದುಕೊಂಡವರು ಅವರೇ, ಬರೆದ ವಿಷಯವೂ ಅದೇ; ಆದರೆ ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿ ಇನ್ನೊಂದಕ್ಕೆ ಜಾರಿದ ಕೂಡಲೇ ಜನರ ನಡೆನುಡಿ ಬದಲಾಗುತ್ತದೆ.

ಇನ್ನು ತಪ್ಪು ಮಾಡದವನ ಪ್ರಶ್ನೆ. ಇದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದ ಖರಕ್ ಸಿಂಗ್ ಪ್ರಕರಣಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಉತ್ತರ ಪ್ರದೇಶದ ಈ ವ್ಯಕ್ತಿಯನ್ನು 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಹಿಡಿದರು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಆದರೆ ಪೊಲೀಸರು ಅವರ ಹೆಸರಿನಲ್ಲಿ ಒಂದು ಕಡತ ತೆರೆದರು. ಅಲ್ಲಿಂದ ಮುಂದೆ ಹಳ್ಳಿಯ ಚೌಕಿದಾರನೋ ಪೊಲೀಸ್ ಪೇದೆಯೋ ರಾತ್ರಿ ಬಂದು ಬಾಗಿಲು ಬಡಿದು, ಕೂಗಿ, ನಿದ್ದೆಯಿಂದ ಎಬ್ಬಿಸಿ ಮನೆಯಲ್ಲಿದ್ದಾರೆಯೇ ಎಂದು ನೋಡಿಹೋಗುತ್ತಿದ್ದರು. ಪಕ್ಕದ ಊರಿಗೆ ಹೊರಟರೂ ಮೊದಲು ತಿಳಿಸಿ ಹೋಗಬೇಕಿತ್ತು. 1962ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ರಾತ್ರಿಯ ಮನೆಭೇಟಿಯನ್ನು ರದ್ದುಪಡಿಸಿತು, ಉಳಿದ ನಿಗಾವನ್ನು ಉಳಿಸಿತು. ಆದರೆ ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದು, ನೆರಳಿನಂತೆ ಬೆನ್ನು ಹತ್ತಿಸಿಕೊಂಡವನ ಓಡಾಟವನ್ನು ಸ್ವತಂತ್ರ ಎನ್ನಲಾಗದು ಎಂಬ ನಿಲುವು ತಳೆದರು. ಆ ಮನುಷ್ಯ ಮಾಡಿದ ತಪ್ಪು ಯಾವುದು ಎಂದು ನಿಮ್ಮ ಮಗನನ್ನು ಕೇಳಿ. ತಪ್ಪು ಸಾಬೀತಾಗಿರಲಿಲ್ಲ, ಕಡತ ಮಾತ್ರ ಇತ್ತು.

ಈ ಬಗೆಯ ಕಡತ ನಮ್ಮಲ್ಲೂ ಇದೆ. ಗಣೇಶ ವಿಸರ್ಜನೆ, ಈದ್ ಮಿಲಾದ್ ಅಥವಾ ಚುನಾವಣೆ ಹತ್ತಿರ ಬಂದಾಗ ರೌಡಿ ಪಟ್ಟಿಯಲ್ಲಿರುವವರನ್ನು ಕರೆಸಿ ಪರೇಡ್ ಮಾಡಿಸುವುದು, ಮುಚ್ಚಳಿಕೆ ಬರೆಸಿಕೊಳ್ಳುವುದು, ಕೆಲವರನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆಯಡಿ ಗಡಿಪಾರು ಮಾಡುವುದು ಶಿವಮೊಗ್ಗದವರಿಗೆ ಹೊಸ ಸುದ್ದಿಯಲ್ಲ. ಪಟ್ಟಿಯಲ್ಲಿರುವವರೆಲ್ಲ ಅಮಾಯಕರೆಂದು ನಾನು ಹೇಳುತ್ತಿಲ್ಲ. ಈ ಊರು ಕಂಡಿರುವ ಗಲಭೆಗಳ ನಂತರ ಪೊಲೀಸರಿಗೆ ಎಚ್ಚರ ಬೇಕೆಂಬುದೂ ನಿಜ. ಆದರೆ ನ್ಯಾಯಾಲಯದಲ್ಲಿ ಖುಲಾಸೆಯಾದ ಮಾತ್ರಕ್ಕೆ ಪಟ್ಟಿಯಿಂದ ಹೆಸರು ತಾನಾಗಿ ಹೋಗುವುದಿಲ್ಲ. ಎಂದೋ ಹದಿಹರೆಯದ ಜಗಳವೊಂದರಲ್ಲಿ ಹೆಸರು ಸೇರಿಸಿಕೊಂಡವನಿಗೆ ಬಾಡಿಗೆ ಮನೆ ಸಿಗುವುದೂ, ಪೊಲೀಸ್ ವೆರಿಫಿಕೇಶನ್ ಕೇಳುವ ಕೆಲಸ ಸಿಗುವುದೂ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ, ಮತ್ತು ಆ ಹಾಳೆಯ ಮುಂದುವರಿಕೆ ಠಾಣೆಯವರ ವಿವೇಚನೆಗೆ ಬಿಟ್ಟದ್ದಾಗಿರುತ್ತದೆ.

ಪೊಲೀಸರ ಮಾತು ಬಿಡಿ, ನಿಮಗೆ ಅದು ದೂರದ್ದೆನಿಸಬಹುದು. ಮಲೆನಾಡಿನಲ್ಲಿ ಈ ಸಂಗತಿ ನಿಜವಾಗಿ ಮೈಗೆ ತಾಗುವುದು ಭೂಮಿಯಲ್ಲಿ. ನಮ್ಮ ಹಳ್ಳಿಗಳಲ್ಲಿ ಪೂರ್ತಿ ದಾಖಲೆಯ ಒಳಗೇ ಬದುಕುವ ಕುಟುಂಬಗಳೆಷ್ಟು? 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಜಮೀನು ಬಿಟ್ಟು ಬಂದವರಲ್ಲಿ ಇಂದಿಗೂ ಹಕ್ಕುಪತ್ರ ಕೈಗೆ ಸಿಗದವರಿದ್ದಾರೆ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ ಬಗರ್ ಹುಕುಂ ಸಾಗುವಳಿದಾರರು ಅದನ್ನು ಸಕ್ರಮಗೊಳಿಸಲು ನಮೂನೆ 50, 53, 57 ಎಂದು ಒಂದಾದ ಮೇಲೊಂದು ಅರ್ಜಿ ಹಾಕಿ ಕಾಯುತ್ತಿದ್ದಾರೆ. ಪಹಣಿಯಲ್ಲಿ ಕಂದಾಯವೆಂದಿರುವ ಜಾಗ ಇನ್ನೊಂದು ನಕ್ಷೆಯಲ್ಲಿ ಅರಣ್ಯವಾಗಿರುತ್ತದೆ. ಇವರು ಅಡಿಕೆ ಗಿಡ ನೆಟ್ಟು, ಬ್ಯಾಣದ ಹುಲ್ಲುಗಾವಲು ಕಾಯ್ದು, ಮಕ್ಕಳನ್ನು ಓದಿಸಿದವರು. ಆದರೆ ದಾಖಲೆಯ ಭಾಷೆಯಲ್ಲಿ ಒತ್ತುವರಿದಾರರು. 2011ರ ಭೂಕಬಳಿಕೆ ನಿಷೇಧ ಕಾಯಿದೆಯಡಿ ಪ್ರಕರಣ ಹೂಡಿದರೆ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಅಲೆಯಬೇಕಿತ್ತು ಎಂಬ ಕಾರಣಕ್ಕೇ ಈ ಭಾಗದ ಸಣ್ಣ ರೈತರು ಎಷ್ಟು ಸಂಕಟಪಟ್ಟರೆಂಬುದು ನಿಮಗೆ ಗೊತ್ತಿರುತ್ತದೆ.

ಅಂಥ ರೈತನೊಬ್ಬ ಗ್ರಾಮಸಭೆಯಲ್ಲಿ ಕುಳಿತಿದ್ದಾನೆ ಎಂದುಕೊಳ್ಳಿ. ರಸ್ತೆಯ ಕೆಲಸ ಕಳಪೆಯಾಗಿದೆ, ಬಿಲ್ಲು ಪಾಸಾಗಿದೆ, ಅವನಿಗೆ ಗೊತ್ತಿದೆ. ವೇದಿಕೆಯ ಮೇಲೆ ಕಂದಾಯದವರೂ ಅರಣ್ಯದವರೂ ಇದ್ದಾರೆ. ತನ್ನ ಎರಡು ಎಕರೆಯ ಗಡಿ ಉಪಗ್ರಹದ ಚಿತ್ರದಲ್ಲಿ ಹೇಗೆ ಕಾಣುತ್ತದೆ ಎಂಬುದು ಅವರ ಬಳಿ ಇದೆ, ತನ್ನ ಬಳಿ ಇಲ್ಲ. ಅವರು ಅವನ ಕಡೆ ನೋಡುವುದೂ ಬೇಡ. ಅವನು ಎದ್ದು ನಿಲ್ಲುವುದಿಲ್ಲ, ಅಷ್ಟೇ. ಆ ದಿನದ ನಡಾವಳಿಯಲ್ಲಿ ಆಕ್ಷೇಪಣೆ ಬಂದಿಲ್ಲ ಎಂದು ದಾಖಲಾಗುತ್ತದೆ. ಇಲ್ಲಿ ಯಾರೂ ಯಾರನ್ನೂ ತಡೆದಿಲ್ಲ, ಯಾವ ಆದೇಶವೂ ಹೊರಟಿಲ್ಲ. ಇತ್ಯರ್ಥವಾಗದ ಕಡತವೇ ಕೆಲಸ ಮಾಡಿದೆ. ತೀರ್ಮಾನವಾದ ಕಡತ ಒಂದೇ ಸಲ ನೋಯಿಸುತ್ತದೆ, ತೀರ್ಮಾನವಾಗದ ಕಡತ ವರ್ಷಾನುಗಟ್ಟಲೆ ಬಾಯಿ ಮುಚ್ಚಿಸುತ್ತದೆ. ನನ್ನನ್ನು ಯಾರೂ ತಡೆದಿಲ್ಲ ಎಂದು ನೀವು ಬರೆದಿದ್ದೀರಿ. ನೀವು ಹೇಳಬೇಕೆಂದು ಹೊರಟು ಹೇಳದೆ ಬಂದ ಮಾತುಗಳನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ ಎಂದು ವಿನಯದಿಂದ ಕೇಳುತ್ತೇನೆ.

ಪಡಿತರದ ವಿಷಯಕ್ಕೆ ಬರೋಣ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸಿನ ಬೆರಳುಗಳನ್ನು ನೀವು ನೋಡಿದ್ದೀರಿ: ಹಸಿ ಅಡಿಕೆಯ ಕಲೆಯಿಂದ ಕಪ್ಪಾಗಿ, ತುದಿ ಸವೆದು ಗೆರೆಗಳೇ ಇಲ್ಲದಂತಾಗಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಆ ಬೆರಳು ಗುರುತು ಹತ್ತುವುದಿಲ್ಲ. ಒರೆಸಿ ಮತ್ತೆ ಇಡುತ್ತಾರೆ, ಇನ್ನೊಂದು ಬೆರಳು ಇಡುತ್ತಾರೆ, ಅಷ್ಟರಲ್ಲಿ ಸರ್ವರ್ ಹೋಗುತ್ತದೆ. ಊರಿನವರೆಲ್ಲರಿಗೂ ಆಕೆ ಯಾರೆಂದು ಗೊತ್ತು, ಅಂಗಡಿಯವನಿಗೂ ಗೊತ್ತು. ಆದರೆ ತಾನು ತಾನೇ ಎಂಬುದನ್ನು ತಿಂಗಳು ತಿಂಗಳೂ ರುಜುವಾತುಪಡಿಸುವ ಹೊರೆ ಆಕೆಯ ಮೇಲಿದೆ. ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಸುತ್ತೋಲೆ ಹೊರಡಿಸಿದೆ. ಅದು ಹಕ್ಕು. ಆದರೆ ಆ ಸುತ್ತೋಲೆ ಇದೆ ಎಂದು ತಿಳಿಯದ ಆಕೆಗೆ ಅದು ಅಂಗಡಿಯವನ ದಯೆಯಂತೆ ಕಾಣುತ್ತದೆ, ದಯೆ ಕಾಣಿಸುವವನೊಂದಿಗೆ ತೂಕದ ಬಗ್ಗೆ ಜಗಳವಾಡಲು ಯಾರಿಗೂ ಬಾಯಿ ಬರುವುದಿಲ್ಲ. ನಕಲಿ ಕಾರ್ಡು ತಡೆಯಲು ತಂದ ಯಂತ್ರ ತೂಕದ ಮೋಸವನ್ನು ಪ್ರಶ್ನಿಸುವ ಧೈರ್ಯವನ್ನೂ ತಡೆದುಬಿಟ್ಟರೆ ಸೋರಿಕೆ ನಿಂತಂತಾಗಲಿಲ್ಲ.

ಉದ್ಯೋಗ ಖಾತರಿಯ ಕೂಲಿಗೂ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ನಮ್ಮ ಕಡೆ ಅದು ಏನಾಗಿರಬಹುದೆಂದು ನಾನು ವಿವರಿಸಬೇಕಿಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಕೊಳಗದ ಗಾತ್ರದಿಂದ ಎಂಬುದನ್ನು ನೆನೆಯಿರಿ. ಭತ್ತ ಅಳೆಯುವ ಕೊಳಗ ಜಮೀನುದಾರನದು, ಭೂಮಿಯೂ ಅವನದೇ. ಕೊಳಗ ದೊಡ್ಡದಾಗಿದೆ ಎಂದು ಹೇಳಿದವನು ಗೇಣಿ ಕಳೆದುಕೊಳ್ಳುವ ಸಂಭವವಿತ್ತು. ಅಳತೆಯೇ ಬೇಡ ಎಂದು ರೈತರು ಕೇಳಲಿಲ್ಲ, ಎಲ್ಲರಿಗೂ ಒಂದೇ ಆಗಿರುವ, ಎರಡೂ ಕಡೆಯವರು ಪರೀಕ್ಷಿಸಬಹುದಾದ ಅಳತೆ ಬೇಕು ಎಂದರು. ಸರ್ಕಾರದ ನಿಗಾದ ವಿಷಯದಲ್ಲಿ ನಾವು ಕೇಳಬೇಕಾದದ್ದೂ ಹೆಚ್ಚುಕಡಿಮೆ ಅದನ್ನೇ.

ನೀವು ಹೇಳಿದ ಸ್ಟಿಕ್ಕರ್ 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗ ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯದು. ಮನೆಗಳನ್ನು ಗುರುತಿಸಲು ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ಬಳಸಿಕೊಂಡರು. ಯಾವ ಜಾತಿ ಎಷ್ಟು ಹಿಂದುಳಿದಿದೆ ಎಂದು ತಿಳಿಯದೆ ನ್ಯಾಯ ಹಂಚಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಸಮೀಕ್ಷೆಯ ಉದ್ದೇಶವನ್ನು ನಾನು ಬೆಂಬಲಿಸುತ್ತೇನೆ. ಅದೇ ಕಾರಣಕ್ಕೆ ಅದರ ಕಾವಲು ಬಿಗಿಯಾಗಿರಬೇಕು. ಕರ್ನಾಟಕ ಹೈಕೋರ್ಟ್ ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಮಾಹಿತಿ ಕೊಡುವುದು ಐಚ್ಛಿಕ, ಯಾರನ್ನೂ ಒತ್ತಾಯಿಸಬಾರದು, ಕೊಟ್ಟದ್ದನ್ನು ಗೋಪ್ಯವಾಗಿಡಬೇಕು ಎಂದು ಹೇಳಿದ್ದು ಬಹಳ ಮುಖ್ಯ. 1948ರ ಜನಗಣತಿ ಕಾಯಿದೆಯ 15ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಗಣತಿಯ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಅದರಲ್ಲಿ ಬರೆದದ್ದನ್ನು ಸಿವಿಲ್ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ಇಂಥ ಬೇಲಿ ಪಡಿತರದ, ಪಹಣಿಯ, ಮೀಟರಿನ ದತ್ತಾಂಶಗಳನ್ನು ಒಂದಕ್ಕೊಂದು ಹೊಲಿಯುವ ಯೋಜನೆಗಳಿಗೆ ಇಲ್ಲದಿರುವುದೇ ನನ್ನ ಚಿಂತೆ.

ಬೇಲಿ ಇಲ್ಲದಿದ್ದರೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಹೊರಗಿನ ಎರಡು ಸಂಗತಿ ಸಾಕು. ನೆದರ್ಲೆಂಡಿನ ಆಡಳಿತ ಎಷ್ಟೋ ಮೊದಲೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ ಜನರ ನೋಂದಣಿಯಲ್ಲಿ ಧರ್ಮದ ಕಾಲಂ ಇತ್ತು. ನಾಜಿಗಳು ದೇಶ ಹಿಡಿದಾಗ ಯಹೂದಿಗಳನ್ನು ಹುಡುಕಲು ಅದೇ ಒದಗಿತು, ಮತ್ತು ಪ್ರತಿರೋಧದವರು 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೇ ಬೆಂಕಿ ಹಚ್ಚಬೇಕಾಯಿತು. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅಧಿಕಾರ ಕೈ ಬದಲಾಯಿತು, ಪುಸ್ತಕ ಹಾಗೆಯೇ ಇತ್ತು. ಎರಡನೆಯದು ಇಂದಿನ ಚೀನಾದ ಶಿಂಜಿಯಾಂಗ್ ಪ್ರಾಂತ್ಯ. ಅಲ್ಲಿನ ಪೊಲೀಸರು ಬಳಸುವ ಆ್ಯಪ್ ಅನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಬಿಚ್ಚಿ ನೋಡಿ 2019ರಲ್ಲಿ ವರದಿ ಕೊಟ್ಟಿತು: ಹೆಚ್ಚು ಕರೆಂಟ್ ಉರಿಸುವುದು, ಹಿತ್ತಲ ಬಾಗಿಲಿನಿಂದ ಓಡಾಡುವುದು, ನೆರೆಯವರೊಂದಿಗೆ ಬೆರೆಯದಿರುವುದು ಇವೆಲ್ಲ ಅಲ್ಲಿ ಅನುಮಾನದ ಗುರುತುಗಳು. ನಮ್ಮಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಅಪರಾಧವೇ ಅಲ್ಲದ ನಡವಳಿಕೆಯನ್ನೂ ಅಪರಾಧದ ಸುಳಿವಾಗಿ ಓದಲು ದತ್ತಾಂಶಗಳ ಜೋಡಣೆ ದಾರಿ ಮಾಡುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಕ್ಸಲ್ ಚಳವಳಿಯ ವರ್ಷಗಳನ್ನು ಕಂಡ ನಮಗೆ ಇದು ಪೂರ್ತಿ ಅಪರಿಚಿತವೂ ಅಲ್ಲ. ಆಗುಂಬೆ, ಶೃಂಗೇರಿ, ಕೊಪ್ಪದ ಕಡೆಯ ಒಂಟಿ ಮನೆಗಳಲ್ಲಿ ರಾತ್ರಿ ಬಂದೂಕು ಹಿಡಿದವರು ಬಂದು ಅನ್ನ ಕೇಳಿದರೆ ಇಲ್ಲವೆನ್ನುವಂತಿರಲಿಲ್ಲ. ಬೆಳಗಾದರೆ ಯಾರಿಗೆ ಅನ್ನ ಹಾಕಿದ್ದೀರಿ ಎಂದು ಪೊಲೀಸರು ಕೇಳುತ್ತಿದ್ದರು. ಪೊಲೀಸ್ ಮಾಹಿತಿದಾರರೆಂಬ ಶಂಕೆಯಿಂದ ನಕ್ಸಲರು ಕೆಲವರನ್ನು ಕೊಂದೂ ಹಾಕಿದರು. ಎರಡೂ ಕಡೆಯ ಕಣ್ಣುಗಳ ನಡುವೆ ಸಿಕ್ಕ ಜನ ಕಲಿತದ್ದು ನೆಂಟರನ್ನು ಕರೆಯದಿರುವುದನ್ನು, ನೆರೆಯವನ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿದ್ದರೂ ಗೊತ್ತಿಲ್ಲವೆನ್ನುವುದನ್ನು. ನೆರೆಹೊರೆಯ ನಂಬಿಕೆಯನ್ನು ಕಡಿದುಹಾಕುವುದು ನಿಗಾದ ಅತ್ಯಂತ ಆಳವಾದ ಪರಿಣಾಮ, ಅದಕ್ಕೆ ಯಾವ ಪರಿಹಾರಧನವೂ ಇಲ್ಲ.

ಫೋನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟದ್ದು ಈ ರಾಜ್ಯದ ಚರಿತ್ರೆಯ ಭಾಗ. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು ಎಂದು ಕಟ್ಟಳೆ ಹಾಕಿತು. ಆದರೆ ದತ್ತಾಂಶ ಸಂರಕ್ಷಣೆಯ ಬಗ್ಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿಯ ಪ್ರಕಾರ, ಎರಡು ತಿಂಗಳಿಗೊಮ್ಮೆ ಸೇರುವ ಆ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು ಇರುತ್ತಿದ್ದವು. ಒಂದು ಸಭೆಯಲ್ಲಿ ಅಷ್ಟನ್ನು ಓದುವುದು ಮನುಷ್ಯರಿಗೆ ಸಾಧ್ಯವಿಲ್ಲ. ಅಪ್ಪಣೆ ಕೊಡುವವರೂ ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ, ನಡುವೆ ನ್ಯಾಯಾಧೀಶರಿಲ್ಲ.

ಕಾನೂನಿನ ಇಂದಿನ ಸ್ಥಿತಿ ಭರವಸೆಯದೂ ಹೌದು, ಆತಂಕದ್ದೂ ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸುಬ್ಬರಾವ್ ಅವರ ಭಿನ್ನಮತವೇ ಸರಿ ಎಂಬಂತಾಯಿತು. ಸರ್ಕಾರ ಇನ್ನು ಮುಂದೆ ಖಾಸಗಿತನದಲ್ಲಿ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು. ಆದರೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 17ನೇ ಕಲಂ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ತಾನು ಹೆಸರಿಸಿದ ಸರ್ಕಾರಿ ಸಂಸ್ಥೆಗಳನ್ನು ಕಾಯಿದೆಯಿಂದಲೇ ಹೊರಗಿಡಲು ಅವಕಾಶ ಕೊಟ್ಟಿದೆ. ಅದೇ ಕಾಯಿದೆಯ 44ನೇ ಕಲಂ ಮಾಹಿತಿ ಹಕ್ಕು ಕಾಯಿದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಮಾತಿನಿಂದ ಅರ್ಜಿ ತಿರಸ್ಕರಿಸುವ ದಾರಿ ತೆರೆದಿದೆ. ಸರ್ಕಾರ ನಮ್ಮನ್ನು ನೋಡುವ ಕಿಟಕಿ ಅಗಲವಾಗುತ್ತಿರುವಾಗ ನಾವು ಸರ್ಕಾರವನ್ನು ನೋಡುವ ಕಿಟಕಿ ಕಿರಿದಾಗುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಿಮ್ಮಲ್ಲಿ ಬೆರಳಚ್ಚಿನ ತೊಂದರೆಯಿಂದ ಪಡಿತರ ತಪ್ಪಿದವರಿದ್ದರೆ ತಹಶೀಲ್ದಾರರಿಗೆ ಲಿಖಿತ ದೂರು ಕೊಡಿಸಿ, 2017ರ ಆ ಸುತ್ತೋಲೆಯನ್ನು ದಿನಾಂಕ ಸಹಿತ ಉಲ್ಲೇಖಿಸಿ. ಬಾಯಿಮಾತಿನ ದೂರು ದೂರಾಗಿ ಉಳಿಯುವುದಿಲ್ಲ. ಸರ್ಕಲ್ಲಿನ ಕ್ಯಾಮೆರಾಗಳ ಬಗ್ಗೆ, ದೃಶ್ಯಾವಳಿಯನ್ನು ಎಷ್ಟು ದಿನ ಇಡುತ್ತಾರೆ, ಯಾವ ನಿಯಮದಡಿ ಯಾರು ನೋಡಬಹುದು ಎಂದು ಜಿಲ್ಲಾ ಪೊಲೀಸ್ ಕಚೇರಿಯನ್ನೂ ಮಹಾನಗರ ಪಾಲಿಕೆಯನ್ನೂ ಮಾಹಿತಿ ಹಕ್ಕಿನಡಿ ಕೇಳಬಹುದು. ಅದರ ಜೊತೆಗೆ ನಿಮ್ಮ ಠಾಣೆಯೊಳಗಿನ ಕ್ಯಾಮೆರಾಗಳ ಬಗ್ಗೆಯೂ ಕೇಳಿ: 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಾವಳಿಯನ್ನು 18 ತಿಂಗಳು ಕಾಪಾಡಬೇಕು ಎಂದು ಆದೇಶಿಸಿದೆ. ಅಧಿಕಾರವನ್ನು ನೋಡುವ ಕ್ಯಾಮೆರಾ ಅದು, ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ನಿಮ್ಮ ಹಕ್ಕು.

ಅರ್ಜಿಯ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಸರ್ಕಲ್ಲಿನ ಕ್ಯಾಮೆರಾಕ್ಕೆ ಒಂದು, ಠಾಣೆಯ ಕ್ಯಾಮೆರಾಕ್ಕೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಬರೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಸಮಾಧಾನಕರವಾಗಿಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಅದು ಬೇಕಾಗುತ್ತದೆ.